ಭಾಲ್ಕಿಯ ಭೋಂಗಾ

ಪ್ರೆಸ್ಕಾಟ್, ಇಂಗ್ಲೆಂಡ್
3 ಅಕ್ಟೋಬರ್ 1911

ಅಕ್ಕ ಗುರಮ್ಮನಿಗೆ,

ನಿನ್ನ ತಮ್ಮ ಮಡೆಪ್ಪನ ಅಕ್ಷರ ಈ ಸಲ ನೆಟ್ಟಗಿಲ್ಲದಿದ್ದರೆ ಬೈಯಬೇಡ. ಬೆಳಗಿನಿಂದ ಅರ ಹಿಡಿದು ಹಿತ್ತಾಳೆ ತಿಕ್ಕಿದ ಕೈ ಇದು. ಲೇಖನಿ ಕೊಟ್ಟರೆ ಅದನ್ನೂ ತಿಕ್ಕಲು ಹೋಗುತ್ತದೆ.

ಸುದ್ದಿ ಏನೆಂದರೆ, ನಮ್ಮ ಯಜಮಾನ ಬರ್ಚಲ್ ಸಾಹೇಬರು ನನಗೆ ಒಂದು ಇಡೀ ಜೇಬುಗಡಿಯಾರ ಒಪ್ಪಿಸಿದ್ದಾರೆ. ಇಟ್ಟುಕೊಳ್ಳಲಿಕ್ಕಲ್ಲ, ಮಾಡಲಿಕ್ಕೆ. ಇಲ್ಲಿಗೆ ಬಂದು ಎರಡು ವರ್ಷ ಚಕ್ರಕ್ಕೆ ಹಲ್ಲು ಕೊಯ್ದೆ, ಮೊಳೆ ತಿರುವಿದೆ, ಬೇರೆಯವರ ಕೆಲಸಕ್ಕೆ ಹೊಳಪು ಕೊಟ್ಟೆ. ಈಗ ಮೊದಲ ತಗಡಿನಿಂದ ಕೊನೆಯ ಮುಳ್ಳಿನವರೆಗೆ ಎಲ್ಲ ನನ್ನದೇ. ಬೀದರಿನಲ್ಲಿ ಸರ್ವೇ ಸಾಹೇಬರ ಗಡಿಯಾರ ರಿಪೇರಿ ಮಾಡಿಕೊಟ್ಟು, ಅವರ ಜೊತೆಯಲ್ಲೇ ಹಡಗು ಹತ್ತಲು ಹೊರಟಾಗ ನೀನು ಕೇಳಿದ್ದೆಯಲ್ಲ, 'ಅಲ್ಲಿ ಹೋಗಿ ಏನ ಮಾಡ್ತಿಯೋ?' ಎಂದು. ಇದೇ ಉತ್ತರ. ಬೀದರಿನ ಚೌಬಾರಾ ಗೋಪುರದ ಹತ್ತಿರ ನಬೀಸಾಬ ಉಸ್ತಾದರ ಅಂಗಡಿಗೆ ಹೋದರೆ ಅವರಿಗೂ ತಿಳಿಸು. ಅವರು ಹಿಡಿಸಿದ ಚಿಮಟ ನಾನಿನ್ನೂ ಕೆಳಗಿಟ್ಟಿಲ್ಲ.

ನಮ್ಮದು ದೊಡ್ಡ ಕಾರ್ಖಾನೆಯಲ್ಲ. ಒಂದು ಮನೆಯ ಮೇಲಂತಸ್ತು. ಬೀದಿಯ ಕಡೆಗೆ ಗೋಡೆಯುದ್ದಕ್ಕೂ ಕಿಟಕಿ, ಅದರ ಕೆಳಗೆ ಮೇಜು. ಸಾಹೇಬರು, ಅವರ ಮಗಳು ಎಲೆನ್, ನಾನು, ಮೂವರೇ. ಈ ಊರಿನಲ್ಲಿ ಯಂತ್ರದಿಂದ ಗಡಿಯಾರ ಮಾಡುವ ದೊಡ್ಡ ಕಾರ್ಖಾನೆ ಇತ್ತು. ಅದೂ ಈ ವರ್ಷ ಮುಚ್ಚಿತು. ಅಮೆರಿಕದ ಅಗ್ಗದ ಗಡಿಯಾರಗಳು ಬುಟ್ಟಿಗಟ್ಟಲೆ ಬಂದು ಬೀಳುತ್ತಿವೆಯಂತೆ. ಜನ ನಮ್ಮ ಸಾಹೇಬರಿಗೆ, 'ಇನ್ನಾದರೂ ಇದನ್ನು ಬಿಡಬಾರದೇ' ಎನ್ನುತ್ತಾರೆ. ಅವರು ತಲೆ ಎತ್ತುವುದಿಲ್ಲ. 'ನನ್ನ ಕೈ ನಿಂತ ಮೇಲೆ ಬಂದು ಕೇಳಿ' ಎನ್ನುತ್ತಾರೆ.

ಮೋಡದ ದಿನವೂ ಆ ಕಿಟಕಿಯ ಬೆಳಕು ಹಾಲಿನ ಹಾಗೆ ಇರುತ್ತದೆ ಅಕ್ಕ. ನನ್ನ ಜಾಗ ಅದರ ಬಲತುದಿಯಲ್ಲಿ.

ಅಪ್ಪನ ಗಾಣ ನಡೆಯುತ್ತಿದೆಯೇ? ಒಬ್ಬಳೇ ಇರುವುದು ಬೇಸರವಾದರೆ ಠಾಣಾ ಕುಶನೂರಿನ ಸೋದರಮಾವನ ಮನೆಗೆ ಹೋಗಿ ಇದ್ದು ಬಾ.

ನಿನ್ನ ಮಡೆಪ್ಪ


ಭಾಲ್ಕಿ
12 ನವೆಂಬರ್ 1911

ತಮ್ಮಾ ಮಡೆಪ್ಪ,

ನಿನ್ನ ಪತ್ರವನ್ನು ಎರಡು ಸಲ ನಾನು ಓದಿಕೊಂಡೆ, ಮೂರನೆಯ ಸಲ ನೆರೆಮನೆಯ ಜಿಜಾಬಾಯಿಗೆ ಓದಿ ಹೇಳಿದೆ. 'ಅಷ್ಟು ದೂರ ಹೋಗಿ ಘಡ್ಯಾಳ ಮಾಡ್ತಾನಾ? ನಮ್ಮೂರಾಗ ತಾಸಿಗಿ ಏನ ಬರಗಾಲ ಇತ್ತೇನವಾ?' ಎಂದು ನಕ್ಕಳು.

ನಾನು ಚೆನ್ನಾಗಿದ್ದೇನೆ. ಕೈತುಂಬ ಕೆಲಸವಿದೆ. ಬೆಳಿಗ್ಗೆ ಬೇಗ ಏಳುತ್ತೇನೆ, ರಾತ್ರಿ ಬಿದ್ದ ಕೂಡಲೇ ನಿದ್ದೆ. ಗಾಣದ ಬಗ್ಗೆ ಏನು ಹೇಳಲಿ, ಅದು ಇದ್ದಲ್ಲೇ ಇದೆ. ಹೊಲದಲ್ಲಿ ತೊಗರಿ ಹೂವಾಗಿದೆ. ಭಾತಂಬ್ರಾದ ಕಡೆಯಿಂದ ಹತ್ತಿ ಬಂಡಿಗಳು ಬರತೊಡಗಿವೆ. ಈಗ ಲಾತೂರಿಗೆ ರೈಲು ಬಂದಿದೆಯಂತೆ. ಇಲ್ಲಿನ ಹತ್ತಿಯೆಲ್ಲ ಅಲ್ಲಿಗೆ ಹೋಗಿ ರೈಲು ಹತ್ತುತ್ತದೆ.

ಮಾವನ ಮನೆಯ ಮಾತು ಬೇಡ. ಅವನು ಒಳ್ಳೆಯವನೇ. ಆದರೆ ಗಂಡ ಸತ್ತ ಹೆಣ್ಣು ಮನೆಗೆ ಬಂದರೆ ಯಾವ ಮೂಲೆ ತೋರಿಸುತ್ತಾರೆಂದು ನನಗೆ ಗೊತ್ತು. ಒಂದು ಸಲ ಆ ಮೂಲೆಯಲ್ಲಿ ಕೂತು ಎದ್ದು ಬಂದವಳು ನಾನು.

ನಿನ್ನ ಕಸಬಿಗೆ ಸೇರಿದ ಒಂದು ಮಾತು ಕೇಳಬೇಕಿದೆ. ಒಂದು ಗಡಿಯಾರ ಸುಳ್ಳು ಹೇಳುತ್ತದೆ ಎಂದು ಅನುಮಾನ ಬಂದರೆ, ಹತ್ತಿರ ಇನ್ನೊಂದು ಗಡಿಯಾರ ಇಲ್ಲದವರು ಅದನ್ನು ಹಿಡಿಯುವುದು ಹೇಗೆ? ಮರೆಯದೆ ಬರೆ.

ಗುರಮ್ಮ


ಪ್ರೆಸ್ಕಾಟ್
18 ಡಿಸೆಂಬರ್ 1911

ಅಕ್ಕಾ,

ನಿನ್ನ ಪ್ರಶ್ನೆ ಓದಿ ಒಬ್ಬನೇ ನಕ್ಕೆ. ನಬೀಸಾಬ ಉಸ್ತಾದರು ನಿನಗೂ ಈ ಹುಚ್ಚು ಹಿಡಿಸಿದರೇ? ಅವರ ಗೋಡೆಯ ಹಳೇ ಗಡಿಯಾರ ತಪ್ಪು ತೋರಿಸುತ್ತದೆಂದು ಜಗಳ ತೆಗೆದಿದ್ದೀಯೇನೋ.

ಉಪಾಯ ಸುಲಭ. ಬಯಲಿನಲ್ಲಿ ಸಮನಾದ ನೆಲ ನೋಡಿ ಒಂದು ಕೋಲು ನೆಟ್ಟಗೆ ನೆಡು. ಹೊತ್ತು ಏರಿದಂತೆ ಅದರ ನೆರಳು ಗಿಡ್ಡವಾಗುತ್ತ ಬರುತ್ತದೆ. ಆಮೇಲೆ ಮತ್ತೆ ಉದ್ದವಾಗುತ್ತದೆ. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಗಳಿಗೆಯೇ ನಡುಹಗಲು. ಅದರ ಮೇಲೆ ಒಂದು ಗೆರೆ ಎಳೆದುಬಿಡು. ಮರುದಿನದಿಂದ ನೆರಳು ಗೆರೆಗೆ ಬಂದಾಗ ಹನ್ನೆರಡು ಎಂದುಕೋ. ವರ್ಷದಲ್ಲಿ ಕೆಲವು ದಿನ ಸೂರ್ಯನೂ ಗಡಿಯಾರಕ್ಕಿಂತ ತುಸು ಹಿಂದೆ ಮುಂದೆ ಆಗುತ್ತಾನೆ. ಆದರೆ ಅರ್ಧ ತಾಸಿನ ಸುಳ್ಳು ಹೇಳುವವನಲ್ಲ.

ನಡುಹಗಲಿಗೆ ಮಾತ್ರ ಇದು ನಡೆಯುತ್ತದೆ ನೋಡು. ಬೆಳಗು ಸಂಜೆಗಳ ಲೆಕ್ಕಕ್ಕೆ ಒಳ್ಳೆಯ ಗಡಿಯಾರವೇ ಬೇಕು. ಇಲ್ಲದಿದ್ದರೆ ನಮ್ಮಂಥವರ ಹೊಟ್ಟೆ ಹೊರೆಯುವುದು ಹೇಗೆ?

ನನ್ನ ಗಡಿಯಾರ ಅರ್ಧ ಆಗಿದೆ. ಈಗ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತೇನೆ. ಅಲ್ಲೂ ಬೆಳಕು ಪರವಾಗಿಲ್ಲ. ಗಾಳಿ ಕಡಿಮೆ, ಆದ್ದರಿಂದ ಚಳಿಯೂ ಕಡಿಮೆ.

ಮಡೆಪ್ಪ


ಭಾಲ್ಕಿ
25 ಜನವರಿ 1912

ತಮ್ಮಾ,

ನೀನು ನಕ್ಕಿದ್ದಕ್ಕೆ ತಪ್ಪು ನನ್ನದೇ. ಪೂರ್ತಿ ಹೇಳದೆ ಕೇಳಿದೆ. ಈಗ ಹೇಳುತ್ತೇನೆ.

ಅಪ್ಪನ ಗಾಣ ನಿಂತು ಒಂದು ವರ್ಷವಾಯಿತು. ಎತ್ತು ಸತ್ತಿತು. ಅದರ ಜೊತೆಗೆ ಜನ ದೀಪಕ್ಕೆ ಸೀಮೆಎಣ್ಣೆ ಕೊಳ್ಳತೊಡಗಿದರು. ಈ ಸುಗ್ಗಿಯಿಂದ ನಾನು ಶಿವರಾಜಪ್ಪ ಸಾವಕಾರರ ಜಿನ್ನಿನಲ್ಲಿ ಹತ್ತಿ ಆರಿಸಲು ಹೋಗುತ್ತಿದ್ದೇನೆ. ಜಿನ್ನು ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಯಂತ್ರದ ಕಾರ್ಖಾನೆ. ನೀನು ಹೋಗುವಾಗ ಅದು ಇರಲಿಲ್ಲ. ಹೆಂಗಸರೇ ಹೆಚ್ಚು. ಜಿಜಾಬಾಯಿ ಬರುತ್ತಾಳೆ, ಕೋಟೆ ಹತ್ತಿರದ ಓಣಿಯ ಕುಲಸುಮಬೀ ಬರುತ್ತಾಳೆ. ದಿನವಿಡೀ ಹತ್ತಿಯ ಧೂಳು ಮೂಗು ಬಾಯಿಗೆಲ್ಲ ತುಂಬುತ್ತದೆ. ದುಡಿದು ತಿನ್ನುವುದಕ್ಕೆ ನನಗೆ ನಾಚಿಕೆಯಿಲ್ಲ. ನಿನಗೆ ಆದೀತೆಂದು ಬರೆದಿರಲಿಲ್ಲ.

ಬೆಳಗಿನ ಆರಕ್ಕೆ ಒಳಗೆ, ಸಂಜೆ ಆರಕ್ಕೆ ಹೊರಗೆ. ಮಾತು ಆದದ್ದು ಹಾಗೆ. ಹೊತ್ತು ತಿಳಿಸಲು ಹಬೆಯ ಸೀಟಿ ಕೂಗುತ್ತದೆ, ನಾವು ಭೋಂಗಾ ಅನ್ನುತ್ತೇವೆ. ಸಾವಕಾರರ ಕಚೇರಿಯೊಳಗೆ ಗೋಡೆಗಡಿಯಾರ ಇದೆ. ಅದನ್ನು ನೋಡಿ ಅವರ ಗುಮಾಸ್ತ ಭೋಂಗಾ ಹಾಕಿಸುತ್ತಾನೆ. ನಮಗೆ ಆ ಗಡಿಯಾರ ಕಾಣುವುದಿಲ್ಲ.

ನೀನು ಹೇಳಿದಂತೆ ಹಿತ್ತಲಿನಲ್ಲಿ ಕೋಲು ನೆಟ್ಟೆ. ಕುಲಸುಮಬೀಯ ಅತ್ತೆ ಅಕ್ತರಬೀ ದಿನವೂ ಅಲ್ಲಿ ಕೂತು ನೆರಳು ಕಾದಳು. ಹನ್ನೆರಡರ ಊಟದ ಭೋಂಗಾ ಕೂಗುವ ಹೊತ್ತಿಗೆ ನೆರಳು ಗೆರೆ ದಾಟಿ ಎಷ್ಟೋ ದೂರ ಹೋಗಿರುತ್ತದೆ. ಒಂದು ದಿನದ ತಪ್ಪಲ್ಲ, ಪ್ರತಿದಿನ.

ಮುಕಾದಮ ಅಮೀರ ಪಾಶಾನನ್ನು ಕೇಳಿದೆ. ನಮ್ಮ ಕೆಲಸದ ಮೇಲೆ ನಿಗಾ ಇಡುವವನು ಅವನೇ. 'ಸುಮ್ಮ ಇರವಾ ಗುರಮ್ಮಾ. ನಾನೂ ನೌಕರ, ನೀನೂ ನೌಕರ' ಎಂದ. ಸಾವಕಾರರನ್ನೇ ಕೇಳಿದೆ. 'ಇದು ಹೈದರಾಬಾದಿನ ತಾಸು ಅದ. ನಿನ್ನ ಹಿತ್ತಲದ ನೆರಳ ನೋಡಿ ಕಾರ್ಖಾನಿ ನಡಸೂದಿಲ್ಲ' ಎಂದರು. 'ಮತ್ತ ಸಂಜೀಕ ಅಷ್ಟ ಕತ್ತಲಾಗತನಕ ಯಾಕ ಬಿಡೂದಿಲ್ಲರಿ?' ಎಂದೆ. 'ಚಳಿಗಾಲದಾಗ ಹೊತ್ತು ಲಗೂ ಮುಳುಗ್ತದ. ಅದೂ ನಾನೇ ಮುಳುಗಸ್ತೇನೇನು?' ಎಂದು ಗುಮಾಸ್ತನ ಕಡೆ ನೋಡಿ ನಕ್ಕರು.

ಸಂಜೆಯ ಸುಳ್ಳು ಹಿಡಿಯಲು ಕೋಲು ಸಾಲದು. ನೀನೇ ಬರೆದಿದ್ದೀ. ನಮಗೊಂದು ಗಡಿಯಾರ ಬೇಕು.

ಮತ್ತೆ, ಮಡೆಪ್ಪ, ಹಿಂದಿನ ಒಂದು ಪತ್ರದಲ್ಲಿ ನೀನು ಕಿಟಕಿಯ ಬೆಳಕನ್ನು ಹಾಲಿಗೆ ಹೋಲಿಸಿದ್ದೆ. ಈಗ ಹಿಂದಿನ ಕೋಣೆ ಯಾಕೆ? ಯಾರು ಕೂಡಿಸಿದರು?

ಗುರಮ್ಮ


ಪ್ರೆಸ್ಕಾಟ್
27 ಫೆಬ್ರವರಿ 1912

ಅಕ್ಕಾ,

ಈ ಪತ್ರ ಸಿಕ್ಕ ದಿನವೇ ಜಿನ್ನು ಬಿಟ್ಟುಬಿಡು.

ಗಾಣಿಗರ ಮನೆಯ ಮಗಳು ಕೂಲಿ ಸಾಲಿನಲ್ಲಿ ನಿಲ್ಲುವುದೇ? ಊರ ಜನ ಏನೆನ್ನುತ್ತಾರೆ? ತಮ್ಮ ಪರದೇಶದಲ್ಲಿ ಸಾಹೇಬನಾಗಿ ಕೂತಿದ್ದಾನೆ, ಅಕ್ಕ ಧೂಳು ನುಂಗುತ್ತಿದ್ದಾಳೆ ಎನ್ನುವುದಿಲ್ಲವೇ? ಅಷ್ಟು ಸಾಲದೆಂದು ಸಾವಕಾರರ ಎದುರು ನಿಂತು ವಾದ ಬೇರೆ. ಅವರು ನಾಳೆ ನಿನ್ನ ಮೇಲೆ ಏನಾದರೂ ಹೊರಿಸಿದರೆ ಯಾರಿದ್ದಾರೆ ನಿನಗೆ? ನಾನು ಏಳು ಸಮುದ್ರ ದಾಟಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಮಾವನಿಗೆ ಬೇರೆ ಪತ್ರ ಬರೆದಿದ್ದೇನೆ. ಬಂಡಿ ಕಳಿಸುತ್ತಾನೆ. ಹಟ ಮಾಡದೆ ಹತ್ತು.

ಹಿಂದಿನ ಕೋಣೆಯಲ್ಲಿ ನಾನು ಸುಖವಾಗಿದ್ದೇನೆ. ಕಿಟಕಿಯ ಹತ್ತಿರ ಗದ್ದಲ ಜಾಸ್ತಿ. ಅಷ್ಟೇ ಕಾರಣ.

ಮಡೆಪ್ಪ


ಭಾಲ್ಕಿ
2 ಏಪ್ರಿಲ್ 1912

ಮಡೆಪ್ಪ,

ಮಾವನ ಬಂಡಿ ಬಂತು. ಎತ್ತುಗಳಿಗೆ ನೀರು ಕುಡಿಸಿ, ಬಂಡಿಯವನಿಗೆ ರೊಟ್ಟಿ ಪಲ್ಯ ಕೊಟ್ಟು, ಬರಿದಾಗಿಯೇ ಹಿಂದಕ್ಕೆ ಕಳಿಸಿದೆ.

ಊರ ಜನ ಏನೆನ್ನುತ್ತಾರೆ ಎಂದು ಕೇಳಿದ್ದೀ. ಊರ ಜನ ನನ್ನ ಪಕ್ಕದಲ್ಲೇ ಕೂತು ಹತ್ತಿ ಆರಿಸುತ್ತಾರೆ. ಅವರ ಕೆಮ್ಮು ನನಗೆ ಕೇಳುತ್ತದೆ, ನನ್ನದು ಅವರಿಗೆ. ನೀನು ಹೇಳುವ ಊರ ಜನ ಯಾರೋ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು. ಕಿಟಕಿಯ ಹತ್ತಿರ ಗದ್ದಲ ಎಂದೆಯಲ್ಲ. ಚೌಬಾರಾದ ಸಂತೆಯ ನಡುವೆ ಕೂತು ಕಸಬು ಕಲಿತವನು ನೀನು. ನಿನಗೆ ಗದ್ದಲವೇ? ಯಾರೋ ನಿನ್ನನ್ನು ಮರೆಗೆ ಕೂಡಿಸಿದ್ದಾರೆ. ನೀನು ಕೂತಿದ್ದೀ. ಈಗ ನನ್ನನ್ನೂ ಒಂದು ಹಿಂದಿನ ಕೋಣೆಯಲ್ಲಿ ಕೂಡಿಸಿದರೆ ನಿನಗೆ ಸಮಾಧಾನವಾಗುತ್ತದೆ, ಅಲ್ಲವೇ?

ನಾನು ಕೂಡುವವಳಲ್ಲ.

ಗಡಿಯಾರ ಕೊಡಲು ಮನಸ್ಸಿದ್ದರೆ ಬರೆ. ಬುದ್ಧಿ ಹೇಳಲು ಬರೆಯಬೇಡ.

ಗುರಮ್ಮ


ಪ್ರೆಸ್ಕಾಟ್
9 ಜೂನ್ 1912

ಅಕ್ಕಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಕೋಪ ಬಂತು. ಮೊದಲು ನಿನ್ನ ಮೇಲೆ, ಆಮೇಲೆ ನನ್ನ ಮೇಲೆ.

ನೀನು ಊಹಿಸಿದ್ದು ನಿಜ. ನಮ್ಮ ಗಡಿಯಾರಗಳನ್ನು ಕೊಳ್ಳುವವನು ಲಿವರ್‌ಪೂಲಿನ ಒಬ್ಬ ಜವಾಹಿರಿ ವ್ಯಾಪಾರಿ. 'ಇಂಗ್ಲಿಷ್ ಕೈಕೆಲಸ' ಎಂದು ಹೇಳಿ ದೊಡ್ಡವರಿಗೆ ಮಾರುತ್ತಾನೆ. ಕಳೆದ ಚಳಿಗಾಲದಲ್ಲಿ ಬೀದಿಯಿಂದ ನನ್ನ ಮುಖ ಕಿಟಕಿಯಲ್ಲಿ ಕಂಡು, ಅವನು ಸಾಹೇಬರ ಕಿವಿಯಲ್ಲಿ ಏನೋ ಹೇಳಿ ಹೋದ. ಮರುದಿನ ಸಾಹೇಬರು ನನ್ನ ಮುಖ ನೋಡದೆ, 'ನಿನ್ನ ಸಾಮಾನು ಹಿಂದಕ್ಕೆ ಒಯ್ಯಿ' ಎಂದರು. ಒಯ್ದೆ.

ಕಳೆದ ತಿಂಗಳು ನನ್ನ ಗಡಿಯಾರ ಮುಗಿಯಿತು. ಅದನ್ನು ನೋಡಲು ಅವನು ಬಂದ. ಗೋಡೆಯ ಈಚೆ ಕೂತು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಕಿವಿಗೆ ಹಿಡಿದು ಅದರ ಬಡಿತ ಕೇಳಿದ, ಮುಚ್ಚಳ ತೆಗೆದು ನೋಡಿದ. 'ಬರ್ಚಲ್, ಇಪ್ಪತ್ತು ವರ್ಷದಲ್ಲಿ ನೀನು ಇಂಥದು ಮಾಡಿರಲಿಲ್ಲ' ಎಂದ. ಸಾಹೇಬರು ತಲೆಯಾಡಿಸಿ ಆ ಹೊಗಳಿಕೆ ತೆಗೆದುಕೊಂಡರು. ನಿನ್ನ ಪತ್ರ ನನ್ನ ಅಂಗಿಯ ಜೇಬಿನಲ್ಲಿತ್ತು ಅಕ್ಕ. ಎದ್ದು ಹೊರಗೆ ಹೋಗಿ ಕಿಟಕಿಯ ಬಲತುದಿಯ ಸ್ಟೂಲಿನ ಮೇಲೆ ಕೂತೆ.

'ಇವನು ಯಾರು?' ಎಂದ.

'ನಿಮ್ಮ ಕೈಯಲ್ಲಿರುವುದನ್ನು ಮಾಡಿದವನು' ಎಂದೆ.

ಸುಟ್ಟ ಹಾಗೆ ಅದನ್ನು ಮೇಜಿನ ಮೇಲಿಟ್ಟ. 'ಈ ಕೈ ಮಾಡಿದ್ದನ್ನು ನನ್ನ ಗಿರಾಕಿಗಳಿಗೆ ನಾನು ಹೇಗೆ ಮಾರಲಿ?'

'ಎರಡು ವರ್ಷದಿಂದ ಹೇಗೆ ಮಾರಿದಿರೋ ಹಾಗೇ' ಎಂದೆ. 'ನೀವು ಒಯ್ದ ಒಂದೊಂದರಲ್ಲೂ ನನ್ನ ಚಕ್ರಗಳಿವೆ.'

ಅವನು ಟೋಪಿ ಹಾಕಿಕೊಂಡು ಇಳಿದು ಹೋದ. ಗಡಿಯಾರ ಒಯ್ಯಲಿಲ್ಲ, ಮತ್ತೆ ಬರುವುದೂ ಇಲ್ಲವೆಂದ. ಸಾಹೇಬರಿಗೆ ಬಂದ ಸಿಟ್ಟು ಅವನ ಮೇಲಲ್ಲ, ನನ್ನ ಮೇಲೆ. 'ಇದ್ದ ಒಬ್ಬ ಗಿರಾಕಿಯನ್ನೂ ಕಳೆದೆ' ಎಂದು ಕೂಗಿದರು. ಆಮೇಲೆ ಎಷ್ಟೋ ದಿನ ಮಾತೇ ಇಲ್ಲ. ಎಲೆನ್ ಮಾತ್ರ ಹಿಂದಿನ ಕೋಣೆಗೆ ಹೋಗಿ ನನ್ನ ಅರ, ಚಿಮಟಗಳನ್ನೆಲ್ಲ ಎತ್ತಿ ತಂದು ಕಿಟಕಿಯ ಕೆಳಗೆ ಜೋಡಿಸಿದಳು. ಅಪ್ಪನ ಎದುರಿಗೇ.

ಕೊನೆಗೆ ಒಂದು ಬೆಳಿಗ್ಗೆ ಸಾಹೇಬರು ಆ ಗಡಿಯಾರವನ್ನು ನನ್ನ ಮುಂದೆ ತಳ್ಳಿದರು. 'ಇದು ನಿನ್ನದೇ ಇರಲಿ. ನನ್ನ ಹೆಸರು ಹಾಕಬೇಡ.' ಬೈಗುಳವೆಂದೇ ತಿಳಿದೆ. ಆಮೇಲೆ ಉಳಿ ತೆಗೆದುಕೊಂಡು ಒಳಗಿನ ತಗಡಿನ ಮೇಲೆ ಕನ್ನಡದಲ್ಲೇ ಕೊರೆದೆ: ಮಡೆಪ್ಪ ಗಾಣಿಗ, ಭಾಲ್ಕಿ. ಸಾಹೇಬರು ಬಂದು ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. 'ಈ ಅಕ್ಷರಗಳ ಬಳುಕು ಕೊರೆಯುವುದು ಕಷ್ಟ' ಎಂದರು. ಅಷ್ಟೇ. ಅಂದಿನಿಂದ ಮತ್ತೆ ಮಾತಾಡುತ್ತಿದ್ದಾರೆ.

ಗಡಿಯಾರವನ್ನು ನಬೀಸಾಬ ಉಸ್ತಾದರ ಹೆಸರಿಗೆ ಪಾರ್ಸೆಲ್ ಮಾಡಿದ್ದೇನೆ. ದಿನಕ್ಕೊಂದು ಸಲ, ಒಂದೇ ಹೊತ್ತಿಗೆ ಚಾವಿ ಕೊಡು. ಜಿನ್ನು ಬಿಡು ಎಂದು ಇನ್ನು ಹೇಳುವುದಿಲ್ಲ.

ಮಡೆಪ್ಪ


ಭಾಲ್ಕಿ
10 ನವೆಂಬರ್ 1912

ತಮ್ಮಾ,

ನಿನ್ನ ಗಡಿಯಾರ ಮುಂಬೈಯ ಯಾವುದೋ ಕೋಠಿಯಲ್ಲಿ ಮಳೆಗಾಲವೆಲ್ಲ ಮಲಗಿ, ದಸರೆಗೆ ಮೊದಲು ಬೀದರಿಗೆ ಬಂತು. ನಾನೇ ಹೋಗಿ ತಂದೆ. ಬೀದರಿನ ಮೇಲೆ ಹೋಗುವ ಕಮಠಾಣದ ಬಂಡಿಯೊಂದು ಹೊರಟಿತ್ತು, ಅದರಲ್ಲಿ ಜಾಗ ಸಿಕ್ಕಿತು.

ನಬೀಸಾಬ ಉಸ್ತಾದರಿಗೆ ಈಗ ಕಣ್ಣು ಮಂಜು. ಮುಚ್ಚಳ ತೆಗೆದು ಕಿವಿಗೆ ಹಿಡಿದುಕೊಂಡು ಕೂತರು. ಅವರ ಹೆಂಡತಿ ಮರಿಯಮಬೀ ಚಹಾ ತಂದಿಟ್ಟು, ಅದು ಆರಿ, ಮತ್ತೆ ಬಿಸಿ ಮಾಡಿ ತಂದರೂ ಕಿವಿಯಿಂದ ತೆಗೆಯಲಿಲ್ಲ. 'ಗುರಮ್ಮಾ, ಇದು ಓಡೂದಿಲ್ಲವಾ, ನಡೀತದ. ಒಂದೇ ನಡಿಗಿ. ಬೇಟಾ ಕಲ್ತಾನ' ಎಂದರು. ಅಂಗಳದ ನೆರಳು ನೋಡಿ ಹೊತ್ತು ಕೂಡಿಸಿಕೊಟ್ಟರು.

ನಿನ್ನ ಪತ್ರದ ಬಗ್ಗೆ ಒಂದೇ ಮಾತು. ಆ ಸ್ಟೂಲಿನ ಮೇಲಿಂದ ಮತ್ತೆ ಏಳಬೇಡ.

ಸೋಮವಾರದಿಂದ ಜಿನ್ನು ಶುರು. ಗಡಿಯಾರಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿ ಸೆರಗಿನ ಕೆಳಗೆ ಇಟ್ಟುಕೊಂಡಿದ್ದೇನೆ. ಜಿಜಾಬಾಯಿಗೂ ಕುಲಸುಮಬೀಗೂ ತೋರಿಸಿದೆ. ಮೊದಲು ಕೆಲವು ದಿನ ಸುಮ್ಮನೆ ನೋಡೋಣ ಎಂದು ನಿಶ್ಚಯಿಸಿದ್ದೇವೆ. ಆಮೇಲೆ ಸುಮ್ಮನಿರುವುದಿಲ್ಲ.

ಗುರಮ್ಮ


ಪ್ರೆಸ್ಕಾಟ್
20 ಜನವರಿ 1913

ಅಕ್ಕಾ,

ಸುಮ್ಮನಿರುವುದಿಲ್ಲ ಎಂದು ಬರೆದು ನೀನು ಸುಮ್ಮನಾಗಿಬಿಟ್ಟೆ. ಟಪಾಲಿನವನ ಹೆಜ್ಜೆ ಕೇಳಿದರೆ ಮೆಟ್ಟಿಲಿಳಿದು ಓಡುತ್ತೇನೆ. ಎಲೆನ್ ನಗುತ್ತಾಳೆ.

ನನಗೆ ತೋಚುವುದೆಲ್ಲ ಕೆಟ್ಟದ್ದೇ. ಸಾವಕಾರ ಗಡಿಯಾರ ಕಸಿದುಕೊಂಡಿರಬೇಕು. ಕಳವು ಮಾಲು ಎಂದು ಠಾಣೆಗೆ ಒಪ್ಪಿಸಿರಬೇಕು. ಅದನ್ನು ಕಳಿಸಿ ನಿನ್ನನ್ನು ನಾನೇ ಬೆಂಕಿಗೆ ನೂಕಿದೆನೇ ಎಂದು ಅನಿಸುತ್ತದೆ. ಆಮೇಲೆ, ನಾನು ನೂಕಿದರೆ ಹೋಗುವವಳೂ ನೀನಲ್ಲ, ಎಳೆದರೆ ಬರುವವಳೂ ಅಲ್ಲ ಎಂದು ನೆನಪಾಗುತ್ತದೆ.

ಇಲ್ಲಿ ಕಷ್ಟವಿದೆ. ಲಿವರ್‌ಪೂಲಿನವನು ಉಳಿದ ವ್ಯಾಪಾರಿಗಳಿಗೂ ನಮ್ಮ ವಿಷಯ ಹೇಳಿದ್ದಾನೆ. ಸಾಹೇಬರು ಬಾಗಿಲ ಮೇಲಿನ ಹಳೆಯ ಹಲಗೆ ತೆಗೆದು ಹೊಸ ಬಣ್ಣ ಹಚ್ಚಿ ಮತ್ತೆ ತೂಗುಹಾಕಿದ್ದಾರೆ. 'ಇನ್ನು ಯಾರಿಗೆ ಬೇಕೋ ಅವರೇ ಮೆಟ್ಟಿಲು ಹತ್ತಿ ಬರಲಿ' ಎನ್ನುತ್ತಾರೆ. ಈವರೆಗೆ ಒಬ್ಬ ಹಡಗಿನ ಕಪ್ತಾನ ಮಾತ್ರ ಹತ್ತಿ ಬಂದ. 'ಯಾರು ಮಾಡುವುದು?' ಎಂದು ಕೇಳಿದ. ಸಾಹೇಬರು ತಮ್ಮ ಕಡೆಗೂ ನನ್ನ ಕಡೆಗೂ ಬೆರಳು ತೋರಿಸಿದರು. ಕಪ್ತಾನ ಒಂದು ಗಡಿಯಾರ ಮಾಡಲು ಹೇಳಿ ಹೋಗಿದ್ದಾನೆ. ಮಾಡುತ್ತಿದ್ದೇವೆ.

ನೀನು ಒಂದು ಮಾತು ಬರೆದರೆ ಬಂದುಬಿಡುತ್ತೇನೆ. ನಿನ್ನ ಪಕ್ಕದಲ್ಲಿ ನಿಲ್ಲಲು ಒಬ್ಬರಾದರೂ ಬೇಕಲ್ಲ.

ಮಡೆಪ್ಪ


ಭಾಲ್ಕಿ
26 ಫೆಬ್ರವರಿ 1913

ತಮ್ಮಾ ಮಡೆಪ್ಪ,

ನಿನ್ನ ಪತ್ರ ನಿನ್ನೆ ಬಂತು. ಪಕ್ಕದಲ್ಲಿ ನಿಲ್ಲಲು ಒಬ್ಬರಾದರೂ ಬೇಕು ಎಂದಿದ್ದೀ. ಎಷ್ಟು ಜನ ನಿಂತರು ಎಂದು ಓದು.

ಕೆಲವು ದಿನ ಗಡಿಯಾರ ನೋಡುತ್ತ ಬಂದೆವು. ಬೆಳಿಗ್ಗೆ ಆರು ಆಗುವ ಮೊದಲೇ ಭೋಂಗಾ. ಸಂಜೆ ಆರು ಕಳೆದು ಅರ್ಧ ತಾಸಿಗಿಂತ ಹೆಚ್ಚಾದ ಮೇಲೆ ಭೋಂಗಾ. ಗುಮಾಸ್ತ ಬೆಳಿಗ್ಗೆ ಮುಳ್ಳು ಮುಂದಕ್ಕೆ ತಿರುವುತ್ತಿದ್ದ, ಹಗಲು ಹಿಂದಕ್ಕೆ ತಿರುವುತ್ತಿದ್ದ. ಇನ್ನು ಅನುಮಾನ ಉಳಿಯಲಿಲ್ಲ.

ಒಂದು ಸಂಜೆ ನಿನ್ನ ಗಡಿಯಾರದಲ್ಲಿ ಆರು ಆದ ಕೂಡಲೇ ನಾನು ಎದ್ದು ಉಡಿಯ ಹತ್ತಿ ಝಾಡಿಸಿದೆ. ಜಿಜಾಬಾಯಿ ಎದ್ದಳು. ಕುಲಸುಮಬೀ ಎದ್ದಳು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಯಂತ್ರ ಓಡುತ್ತಲೇ ಇತ್ತು, ಹತ್ತಿ ಹಾಕುವವರಿಲ್ಲ. ಗುಮಾಸ್ತ ಗೇಟು ಹಾಕಿಸಿದ. ಆಚೆ ಭಾತಂಬ್ರಾದ ಹತ್ತಿ ಬಂಡಿಗಳು ನಿಂತಿದ್ದವು. ಬಂಡಿಯವರೆಲ್ಲ ಇಣುಕಿ ನೋಡುತ್ತಿದ್ದರು. ಸಾವಕಾರರು ಬಂದರು.

'ಭೋಂಗಾ ಆಗಿಲ್ಲ. ಯಾಕ ಎದ್ರಿ?'

'ಆರು ಆತರಿ' ಎಂದು ಸೆರಗಿನಿಂದ ಗಡಿಯಾರ ತೆಗೆದೆ.

ಅವರು ಅದನ್ನು ನಿರೀಕ್ಷಿಸಿರಲಿಲ್ಲ. ಕೈ ಚಾಚಿದರು. 'ಇತ್ತ ಕೊಡು. ಸರಿ ಅದನೋ ಇಲ್ಲೋ ನಮ್ಮ ಗುಮಾಸ್ತ ನೋಡ್ತಾನ.'

'ಕೈಯಾಗ ಕೊಡೂದಿಲ್ಲರಿ. ಕಣ್ಣಿಗಿ ತೋರಸ್ತೇನಿ. ನಿಮ್ಮ ಗಡಿಯಾರನೂ ಹೊರಗ ತರಸ್ರಿ. ಎರಡೂ ಬಾಜು ಬಾಜುಕ ಇಟ್ಟು ಎಲ್ಲಾರೂ ನೋಡೂಣು.'

'ನಂದು ಹೈದರಾಬಾದಿನ ತಾಸು ಅಂತ ಹೇಳೇನಲ್ಲ?'

'ಇರಲಿರಿ. ಹೈದರಾಬಾದ ಅಂದ್ರ ಹೈದರಾಬಾದ. ಮತ್ತ ಮುಂಜಾನೆ ಒಂದೂರಿನ ತಾಸು, ಸಂಜೀಕ ಇನ್ನೊಂದೂರಿನ ತಾಸು ಹ್ಯಾಂಗ ಆಗ್ತದರಿ? ಮುಂಜಾನೆ ಓಡ್ತದ, ಸಂಜೀಕ ಕುಂಡ್ರತದ. ನಿಮ್ಮ ಗಡಿಯಾರಕ್ಕ ಕಾಲು ಬಂದಾವೇನು?'

ಬಂಡಿಯವರು ಗೊಳ್ಳೆಂದು ನಕ್ಕರು. ಸಾವಕಾರರು ಮುಕಾದಮನ ಕಡೆ ತಿರುಗಿದರು. 'ಅಮೀರ ಪಾಶಾ, ನೀ ಹೇಳು. ನಮ್ಮ ಘಡಿ ಸರಿ ಅದನೋ ಇಲ್ಲೋ?'

ಅಮೀರ ಪಾಶಾ ನೆಲ ನೋಡಿದ. ಆಮೇಲೆ ತಲೆ ಎತ್ತಿದ. 'ಸಾವಕಾರ್ರ, ದುಪಾರಿ ನಮಾಜಿಗಿ ನಾ ದಿನಾ ನೆರಳು ನೋಡಿ ಹೋಗ್ತೇನ್ರಿ. ನಿಮ್ಮ ಘಡಿ ನೋಡಿ ಒಂದಿನಾನೂ ಹೋಗಿಲ್ಲ' ಎಂದ.

ಅವರ ಮುಖ ಕೆಂಪಾಯಿತು. ಗೇಟು ತೆಗೆಸಿದರು. ನನಗೊಬ್ಬಳಿಗೆ, 'ನಾಳಿಂದ ನೀ ಬರಬ್ಯಾಡ' ಎಂದರು.

ಮರುದಿನ ಬೆಳಿಗ್ಗೆ ನಾನು ಗೇಟಿನ ಹೊರಗೆ ಕೂತೆ. ಒಬ್ಬಳೇ ಕೂರುತ್ತೇನೆಂದೇ ಬಂದಿದ್ದೆ. ಭೋಂಗಾ ಕೂಗಿತು. ಜಿಜಾಬಾಯಿ ಒಳಗೆ ಹೋಗುವ ಬದಲು ನನ್ನ ಪಕ್ಕಕ್ಕೆ ಬಂದು ರೊಟ್ಟಿಯ ಗಂಟು ಇಟ್ಟಳು. ಕುಲಸುಮಬೀ ಅತ್ತೆಯನ್ನೂ ಕರೆತಂದಳು. ಹೊತ್ತು ಏರುವುದರೊಳಗೆ ಗೇಟಿನ ಮುಂದೆ ಬಂಡಿ ಹೋಗಲು ದಾರಿಯಿರಲಿಲ್ಲ.

ಸಾವಕಾರರು ಠಾಣಾ ಕುಶನೂರಿಗೆ ಆಳು ಕಳಿಸಿ ಮಾವನನ್ನು ಕರೆಸಿದರು. ಪಾಪ, ಪೇಟ ಸರಿಮಾಡಿಕೊಳ್ಳುತ್ತ ಅಷ್ಟು ಹೆಂಗಸರ ನಡುವೆ ಬಂದು ನಿಂತ. 'ಮನಿಗಿ ನಡಿ ಗುರಮ್ಮಾ. ನಾಲ್ಕ ಮಂದಿ ನಮಗ ನಗಬಾರದು' ಎಂದ.

'ನಾಲ್ಕ ಮಂದಿ ಇಲ್ಲೇ ಕುಂತಾರ ಮಾವಾ. ನೀನೇ ಕೇಳು, ಯಾರಾದರೂ ನಗ್ತಾರೇನು?' ಎಂದೆ.

ಮಾವ ಒಬ್ಬೊಬ್ಬರ ಮುಖ ನೋಡಿದ. ಹೋಗಿ ಬಾವಿಯಿಂದ ನಮಗೆಲ್ಲ ಕುಡಿಯಲು ಎರಡು ಕೊಡ ನೀರು ತಂದಿಟ್ಟು ಊರಿಗೆ ಹೋದ. ಅವನ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಬಂಡಿಗಳ ಸಾಲು ಊರಾಚೆಯ ಹಳ್ಳದವರೆಗೆ ಬೆಳೆಯಿತು. ಮಾಲು ಎಲ್ಲಿ ಎಂದು ಕೇಳಲು ಲಾತೂರಿನಿಂದ ಆಳು ಬಂದ. ನಾಲ್ಕನೆಯ ದಿನ ಗುಮಾಸ್ತನೇ ಗೋಡೆಗಡಿಯಾರ ಹೊತ್ತು ತಂದು, ಗೇಟಿನ ಪಕ್ಕದ ಗೋಡೆಗೆ ಎಲ್ಲರಿಗೂ ಕಾಣುವ ಹಾಗೆ ಮೊಳೆ ಹೊಡೆದು ತೂಗುಹಾಕಿದ. ಇನ್ನು ಮೇಲೆ ಅಮೀರ ಪಾಶಾ ನಡುಹಗಲಿಗೆ ನೆರಳು ನೋಡಿ ಅದನ್ನು ಸರಿಮಾಡತಕ್ಕದ್ದು. ಎಲ್ಲರೂ ಒಳಗೆ ಬರಬಹುದು, ಗುರಮ್ಮ ಒಬ್ಬಳನ್ನು ಬಿಟ್ಟು. ಸಾವಕಾರರ ಮಾತು ಅದು.

ನಾನು, 'ಹೋಗ್ರಿ, ಕೆಲಸ ಆತಲ್ಲ' ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಕುಲಸುಮಬೀ ಎದ್ದು ನಿಂತಳು. ಜೋರಾಗಿ ಮಾತಾಡಿದವಳೇ ಅಲ್ಲ ಅವಳು. 'ಗುರಮ್ಮಕ್ಕ ಒಳಗ ಬಂದ್ರ ನಾವು ಬರ್ತೇವಿ ಸಾವಕಾರ್ರ. ಇಲ್ಲಾಂದ್ರ ನಿಮ್ಮ ಹತ್ತಿ ನೀವೇ ಆರಿಸ್ಕೋರಿ' ಎಂದಳು. ಒಬ್ಬರೂ ಕದಲಲಿಲ್ಲ. ಸಾವಕಾರರು ನನ್ನನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಒಳಗೆ ಹೋಗಿ ಕಚೇರಿಯ ಬಾಗಿಲು ಹಾಕಿಕೊಂಡರು. ಗೇಟು ಮಾತ್ರ ತೆರೆದೇ ಇತ್ತು. ಎಲ್ಲರೂ ಒಟ್ಟಿಗೆ ಒಳಗೆ ನಡೆದೆವು.

ಈಗ ಸಂಜೆ ಮನೆ ಸೇರುವಾಗ ಹಾದಿಯಲ್ಲಿ ಮುಖ ಕಾಣುವಷ್ಟು ಬೆಳಕಿರುತ್ತದೆ. ಧೂಳು ಕಡಿಮೆಯಾಗಿಲ್ಲ. ಸಾವಕಾರರು ಬೇರೆ ಯಾವುದರಲ್ಲಿ ಕೈ ಆಡಿಸುತ್ತಾರೋ ನೋಡುತ್ತಿದ್ದೇವೆ. ನೀನು ಬರಬೇಡ. ಕಪ್ತಾನನ ಗಡಿಯಾರ ಮುಗಿಸು.

ಇಷ್ಟು ಬರೆಯುವಾಗ ಬಾಗಿಲಿಗೆ ಯಾರೋ ಬಂದರು. ವಿಮಲಾಬಾಯಿ ಎಂದು ಹೆಸರು, ಔರಾದದ ಜಿನ್ನಿನಲ್ಲಿ ಹತ್ತಿ ಹಾಕುವವಳು. ನಾವು ಕೂತ ಸುದ್ದಿ ಬಂಡಿಯವರ ಬಾಯಿಂದ ಅಲ್ಲಿಗೂ ಹೋಗಿದೆ. ಹೊಸ್ತಿಲಲ್ಲೇ ನಿಂತು, 'ಅಕ್ಕಾ, ನಮ್ಮಲ್ಲಿ ತಕ್ಕಡಿ ಸುಳ್ಳು ಹೇಳ್ತದರಿ. ಏನ ಮಾಡೂಣು?' ಎಂದಳು. ತಕ್ಕಡಿಯ ವಿದ್ಯೆ ನನಗೆ ಗೊತ್ತಿಲ್ಲ ಎಂದೆ. 'ಗೊತ್ತಿಲ್ಲಂದ್ರೂ ನಡೀತದರಿ. ಬಂದು ನಮ್ಮ ಗೇಟಿನ ಮುಂದ ಕುಂಡ್ರರಿ' ಎಂದಳು.

ಜಿಜಾಬಾಯಿ ಆಗಲೇ ರೊಟ್ಟಿ ಕಟ್ಟುತ್ತಿದ್ದಾಳೆ. ಹೊರಗೆ ಬಂಡಿ ನಿಂತಿದೆ.

ಗುರಮ್ಮ